ದೊರೆಸಾನಿ ಕೊಟ್ಟ ಗಿಡ

ಪಕ್ಕದ ಮನೆಯ ಸೊಸೆ ಸ್ಮಿತಾ ಮೊನ್ನೆ ಮಂಗಳೂರಿಗೆ ಹೋಗಿ ಒಂದು ಗಿಡ ಕೊಂಡು ತಂದಳು. ಕೊಂಡು ತಂದಳು ಎಂಬುದನ್ನು ನೀವು ಇನ್ನೊಮ್ಮೆ ಓದಿಕೊಳ್ಳಬೇಕು. ಹುಲ್ಲನ್ನು ಅಂಗಡಿಯಿಂದ ತರುವ ಕಾಲ ಬಂದಿದೆ, ಅದೂ ನಮ್ಮ ಪಾಣೆಮಂಗಳೂರಿಗೆ. ಇಲ್ಲಿ ಹೊಳೆಬದಿಯಲ್ಲಿ ಒಂದು ಬುಟ್ಟಿ ಮಣ್ಣು ಸುರಿದು ಮನೆಗೆ ಬಂದರೆ ಮುಂದಿನ ವಾರ ಅದರ ಮೇಲೆ ಹತ್ತು ಬಗೆಯ ಹುಲ್ಲು ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ನಿಂತಿರುತ್ತದೆ. ಇವಳು ತಂದದ್ದಕ್ಕೆ ಗೆಣ್ಣು ಗೆಣ್ಣಾದ ಕಾಂಡ, ಉದ್ದನೆಯ ಎಲೆ. ಹೂವಿಲ್ಲ, ಮೊಗ್ಗಿಲ್ಲ. ಆದರೆ ಬಿಳಿ ಪಿಂಗಾಣಿಯ ಕುಂಡ ಉಂಟು, ಕುಂಡದ ಕುತ್ತಿಗೆಗೆ ಮದುಮಗಳ ಹಾಗೆ ಒಂದು ದಾರ, ದಾರದಲ್ಲಿ ಚೀಟಿ.

"ಟೀಚರ್, ಇದನ್ನು ಹೇಗೆ ನೋಡಿಕೊಳ್ಳುದು?" ಎಂದು ಕೇಳಿದಳು.

ಕನ್ನಡಕ ಹುಡುಕಿ ಚೀಟಿ ಓದಿದೆ. 'ಡೇ ಫ್ಲವರ್, ಪೆರೆನಿಯಲ್' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಷ್ಟೇ, ನಗು ಶುರುವಾಯಿತು. ನಗು ಕೆಮ್ಮಾಗಿ, ಕೆಮ್ಮು ಕಣ್ಣೀರಾಗಿ, ಪಾಪದ ಹುಡುಗಿ ಹೆದರಿ ನೀರು ತರಲು ಓಡಿದಳು. ಪೆರೆನಿಯಲ್! ಆ ಪದ ನನ್ನ ಕಿವಿಗೆ ಬೀಳದೆ ಎಷ್ಟು ವರ್ಷವಾಯಿತು. ಅದನ್ನು ನಾನು ಕಲಿತದ್ದು ಹೈಸ್ಕೂಲಿನ ಇಂಗ್ಲಿಷ್ ಪಾಠದಲ್ಲಲ್ಲ, ತೋಡಾರಿನ ನಮ್ಮ ಮನೆಯ ಜಗಲಿಯಲ್ಲಿ, ನನ್ನ ಮಾವನ ಬಾಯಿಂದ. ಅವರು ಅದನ್ನು ಹೇಳುವಾಗ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ಗಂಟಲು ಸರಿಮಾಡಿಕೊಂಡು, "ಪೆರೇ... ನಿಯಲ್" ಎಂದು ಎಳೆಯುತ್ತಿದ್ದರು. ದೇವಸ್ಥಾನದ ಗಂಟೆಗೂ ಅಷ್ಟು ದೀರ್ಘ ಇಲ್ಲ.

ಮಾವ ಎಂದರೆ ಅಮ್ಮನ ಅಣ್ಣ, ಮನೆಯ ಯಜಮಾನರು. ನಮ್ಮ ಪೈಕಿ ಮಕ್ಕಳು ಬೆಳೆಯುವುದು ಅಮ್ಮನ ಮನೆಯಲ್ಲಿ, ಮಾವನ ಮಾತಿನಲ್ಲಿ. ನನ್ನ ಅಪ್ಪ ಕಕ್ಕಿಂಜೆಯಲ್ಲಿ ತನ್ನ ತಾಯಿ-ತಂಗಿಯರ ಗದ್ದೆ ನೋಡಿಕೊಂಡಿದ್ದರು. ಅವರು ನಮ್ಮಲ್ಲಿಗೆ ಬಂದರೆ ಬೆಲ್ಲ ನೀರು ಕುಡಿದು, ನನ್ನ ತಲೆ ಸವರಿ, ಎರಡು ದಿನ ನೆಂಟರ ಹಾಗೆ ಇದ್ದು ಹೋಗುತ್ತಿದ್ದರು. ನಾನು ಶಾಲೆಗೆ ಹೋಗಬೇಕೋ ಬೇಡವೋ, ಕಿವಿಗೆ ಬೆಂಡೋಲೆಯೋ ಹೂವಿನ ಓಲೆಯೋ, ಎಲ್ಲ ಮಾವನ ಹ್ಞೂಂ ಮತ್ತು ಊಹ್ಞೂಂ ನಡುವೆ ನಿಂತಿತ್ತು. ಎತ್ತರದ ಮನುಷ್ಯ, ಗರಿಮುರಿ ಪಂಚೆ, ಲೋಕದ ಎಲ್ಲ ವಿಷಯದ ಬಗ್ಗೆಯೂ ಒಂದು ಅಭಿಪ್ರಾಯ. ಅರ್ಧ ಅಭಿಪ್ರಾಯಗಳು ಶುದ್ಧ ತಪ್ಪು ಎಂದು ಹದಿನಾಲ್ಕನೆಯ ವಯಸ್ಸಿಗೇ ನಾನು ತೀರ್ಮಾನಿಸಿದ್ದೆ. ಮಿಕ್ಕ ಅರ್ಧವನ್ನು ಹದಿನೈದಕ್ಕೆ.

ಚಾರ್ಮಾಡಿ ಘಾಟಿಯ ಮೇಲೆ ತೋಟದ ಬಂಗಲೆಯಲ್ಲಿ ಒಬ್ಬ ಬಿಳಿ ದೊರೆ ಇದ್ದ. ಬೇಟೆಗೆ ಜನ ಬೇಕಾದಾಗ ಮಾವನಿಗೆ ಹೇಳಿ ಕಳಿಸುತ್ತಿದ್ದ. ಅಷ್ಟಕ್ಕೇ ಮಾವ ಅವನನ್ನು "ನಮ್ಮ ದೊರೆ" ಎನ್ನುತ್ತಿದ್ದರು. ಸ್ವಾತಂತ್ರ್ಯ ಬಂದು ವರ್ಷಗಳು ಕಳೆದ ಮೇಲೆ ದೊರೆಗೂ ಅದು ಮನವರಿಕೆಯಾಗಿ ಊರಿಗೆ ಹೊರಟ. ಹೊರಡುವಾಗ ದೊರೆಸಾನಿ ಮಾವನ ಕೈಗೆ ಒಂದು ಮಣ್ಣಿನ ಕುಂಡ ಕೊಟ್ಟಳಂತೆ. ಬೇರೆಯವರಾದರೆ ಕುರ್ಚಿ ಕೇಳುತ್ತಿದ್ದರು, ಗಡಿಯಾರ ಕೇಳುತ್ತಿದ್ದರು. ನಮ್ಮ ಮಾವ ಒಂದು ಹಿಡಿ ಹಸಿರನ್ನು ಎದೆಗೆ ಅಪ್ಪಿಕೊಂಡು ಘಾಟಿ ಇಳಿದು, ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಮೂಡಬಿದ್ರೆಯಲ್ಲಿ ಇನ್ನೊಂದು ಬಸ್ಸು ಬದಲಿಸಿ, ಎಲ್ಲಿಯೂ ಅದನ್ನು ಕೆಳಗಿಡದೆ ಮನೆಗೆ ಬಂದರು. ಬಸ್ಸಿನಲ್ಲಿ ಒಬ್ಬ ಇದು ಯಾವ ಸೊಪ್ಪು, ಸಾರು ಮಾಡ್ಲಿಕ್ಕೆ ಆಗ್ತದಾ ಎಂದು ಕೇಳಿದನಂತೆ. ಆ ಅವಮಾನವನ್ನು ಮಾವ ಒಂದು ತಿಂಗಳು ಹೇಳಿಕೊಂಡರು. ನನಗೆ ಮಾತ್ರ ಆ ಮನುಷ್ಯನ ಪತ್ತೆ ಸಿಕ್ಕಿದರೆ ಒಂದು ಕಾಗದ ಬರೆದು ಅಭಿನಂದಿಸಬೇಕು ಅನಿಸಿತ್ತು.

ಗಿಡಕ್ಕೆ ಶಾಸ್ತ್ರವೇ ಶಾಸ್ತ್ರ. ಮಣ್ಣನ್ನು ಗೆರಸೆಯಲ್ಲಿ ಕೇರಬೇಕು. ಗೊಬ್ಬರ ಎರಡು ವರ್ಷ ಹಳೆಯದಾಗಬೇಕು, ಹೊಸತಾದರೆ ಬೇರು ಸುಟ್ಟೀತು. ಮರಳು ನೇತ್ರಾವತಿಯದ್ದೇ ಆಗಬೇಕು ಎಂದು ಬಂಟ್ವಾಳಕ್ಕೆ ಹೋದವರ ಕೈಯಲ್ಲಿ ಚೀಲ ಕೊಟ್ಟು ತರಿಸಿದರು. ನಮ್ಮ ತೋಡಿನಲ್ಲಿ ಮರಳಿಲ್ಲವೇ? ಉಂಟು. ಆದರೆ ಅದು ದೊರೆಸಾನಿಯ ಗಿಡಕ್ಕೆ ಸಾಲದು. ನೀರು ಬೆಳಿಗ್ಗೆ ಮಾತ್ರ, ಕಂಚಿನ ಗಿಂಡಿಯಿಂದ, ಎಲೆಯ ಮೇಲೆ ಬೀಳದ ಹಾಗೆ ಬುಡಕ್ಕೆ. ಹತ್ತು ಗಂಟೆಯವರೆಗೆ ಬಿಸಿಲು, ಮತ್ತೆ ನೆರಳು. ನೆಂಟರು ಕಾಲು ತೊಳೆಯುವ ಗಿಂಡಿ ಇಡುತ್ತಿದ್ದ ಜಗಲಿಯ ಮೂಲೆ ಈಗ ಗಿಡಕ್ಕೆ. ನೆಂಟರು ಮನೆಗೆ ಸುತ್ತು ಬಂದು ಹಿಂದೆ ಬಾವಿಕಟ್ಟೆಯಲ್ಲಿ ಕಾಲು ತೊಳೆಯಬೇಕು. ವರ್ಷ ವರ್ಷವೂ ತಾನೇ ಚಿಗುರುವ ಗಿಡ, ಒಂದೊಂದು ಹೂವಿಗೂ ಒಂದೇ ದಿನದ ಆಯುಸ್ಸು ಎಂದು ಮಾವ ಬಂದವರಿಗೆಲ್ಲ ವಿವರಿಸುತ್ತಿದ್ದರು. ಹೂವನ್ನು ನೋಡಿದವರು ಅವರೊಬ್ಬರೇ, ಬಂಗಲೆಯಲ್ಲಿ. ನಮ್ಮಲ್ಲಿಗೆ ಬಂದದ್ದು ಬರೀ ಎಲೆ.

ಈ ಸೇವೆಯನ್ನೆಲ್ಲ ಯಾರು ಮಾಡಬೇಕು? ಮಾವನ ಕೆಲಸ ಆಜ್ಞೆ ಕೊಡುವುದು. ಗಿಂಡಿ ಹಿಡಿಯುವವಳು ನಾನು.

ನಾನು ಒಂದೇ ವಾರದಲ್ಲಿ ಅದನ್ನು ಕೊಂದೆ. ಬೇಕಂತಲೇ ಅಲ್ಲ. ಮಾವ ಬಂಟ್ವಾಳಕ್ಕೆ ಹೋಗಿ ನಾಲ್ಕು ದಿನ ನಿಂತಿದ್ದರು. ದಿನಾ ನೀರು ಹಾಕುವುದು ಉದಾಸೀನವಾಗಿ, ನಾಲ್ಕು ದಿನದ್ದನ್ನು ಒಂದೇ ಸಲ ಕೊಡಪಾನದಲ್ಲಿ ಸುರಿದು ಮಾಳಿಗೆಗೆ ಹೋಗಿ ಕಥೆ ಪುಸ್ತಕ ಓದುತ್ತ ಬಿದ್ದುಕೊಂಡೆ. ಮೂರನೆಯ ದಿನ ಬಂದು ನೋಡಿದರೆ ಕಾಂಡ ಬೆಂದ ಬಸಳೆಯ ಹಾಗೆ ಕುಂಡದ ಅಂಚಿನ ಮೇಲೆ ಮಲಗಿತ್ತು. ಮುಟ್ಟಿದರೆ ಕೈಗೆ ಬಂತು. ಆಗ ಮಾತ್ರ ನನ್ನ ಜಂಬವೆಲ್ಲ ಇಳಿಯಿತು. ಮಾವ ಹೊಡೆಯುವವರಲ್ಲ, ಸುಮ್ಮನೆ ನೋಡುವವರು. ಹೊಡೆತವಾದರೆ ತಿಂದು ಮುಗಿಸಬಹುದು.

ಕಾಪಾಡಿದವಳು ದೇಯಿ, ನಮ್ಮ ದನಗಳಿಗೆ ಹುಲ್ಲು ತರುವ ಹೆಂಗಸು. ಅವಳ ಕಟ್ಟಿನಲ್ಲಿ ದಿನವೂ ಒಂದು ಹುಲ್ಲು ಇರುತ್ತಿತ್ತು. ಗೊಬ್ಬರಗುಂಡಿಯ ಬದಿಯಲ್ಲಿ, ಗದ್ದೆಯ ಹುಣಿಯಲ್ಲಿ ಹರಡುವ, ಗೆಣ್ಣು ಗೆಣ್ಣಿಗೆ ಬೇರು ಬಿಡುವ, ಪುಟ್ಟ ನೀಲಿ ಹೂವಿನ ಹುಲ್ಲು. ಘಟ್ಟದ ಮೇಲಿನವರು ಕನ್ನೆಸೊಪ್ಪು ಎನ್ನುತ್ತಾರಂತೆ. ನಮ್ಮಲ್ಲಿ ಅದಕ್ಕೆ ಹೆಸರಿಡುವ ಉಸಾಬರಿಗೆ ಯಾರೂ ಹೋಗಿರಲಿಲ್ಲ, ದನ ತಿಂದರೆ ಮುಗಿಯಿತು. ದೊರೆಸಾನಿಯ ಗಿಡಕ್ಕೂ ಇದಕ್ಕೂ ಏನೋ ಹೋಲಿಕೆ. ಎಲೆ ತುಸು ಅಗಲ ಅಷ್ಟೇ, ಯಾರು ಅಳತೆ ಹಿಡಿಯುತ್ತಾರೆ? ನಾಲ್ಕು ಗೆಣ್ಣು ಮುರಿದು ಕುಂಡದಲ್ಲಿ ಊರಿದೆವು. ದೇಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾವ ಬಂದರು, ಗಿಡ ನೋಡಿದರು, ಸ್ವಲ್ಪ ಸೊರಗಿದೆ ಎಂದರು. ಹದಿನೈದು ದಿನ ಕಳೆದು ಮೊದಲ ಹೂ ಬಿರಿಯಿತು. ಎರಡು ನೀಲಿ ದಳ, ಮೂರನೆಯದು ಇದ್ದೂ ಇಲ್ಲದ ಹಾಗೆ. ಮಾವ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದರು. ಕೊನೆಗೆ "ಹ್ಞೂಂ" ಎಂದು ಎದ್ದು ಹೋದರು.

ಆ ದಿನದಿಂದ ಮಾವನ ಬಗ್ಗೆ ನನಗಿದ್ದ ತಾತ್ಸಾರಕ್ಕೆ ಎಲ್ಲೆಯೇ ಇಲ್ಲದಾಯಿತು. ನೋಡಿ, ಊರಿಗೆ ಬುದ್ಧಿ ಹೇಳುವ ದೊಡ್ಡ ಮನುಷ್ಯ, ದನದ ಹುಲ್ಲಿಗೆ ನೇತ್ರಾವತಿಯ ಮರಳು! ಹಟ್ಟಿಯಲ್ಲಿ ಕಪ್ಪು ದನ ಅದೇ ಜಾತಿಯನ್ನು ಬಾಯಿ ತುಂಬ ಜಗಿಯುತ್ತಿರುವಾಗ ಜಗಲಿಯಲ್ಲಿ ಮಾವ ಮೂಡಬಿದ್ರೆಯಿಂದ ಬಂದ ಪರಿಚಯದವರಿಗೆ "ಇದು ಪೆರೇನಿಯಲ್" ಎನ್ನುತ್ತಿದ್ದರು. ಅವರು ತಲೆದೂಗುತ್ತಿದ್ದರು. ಅವರೇನು, ತಮ್ಮ ಮನೆಯಲ್ಲೂ ಅದು ಉಂಟು ಎಂದು ಗುರುತಿಸದ ಮಹಾಶಯರು. ಕುಂಡದಲ್ಲಿಟ್ಟು ಇಂಗ್ಲಿಷಿನಲ್ಲಿ ಕರೆದರೆ ನಮ್ಮ ಜನ ಬೇಲಿಗೂಟಕ್ಕೂ ಕೈಮುಗಿದಾರು. ಒಬ್ಬರು ಒಂದು ಗೆಣ್ಣು ಕೇಳಿದರು. ಮಾವ ಕೊಡಲಿಲ್ಲ. ಇದು ಕೊಡುವಂಥದ್ದಲ್ಲ ಎಂದರು. ಒಳಗೆ ನಾನು ಚಾಪೆಯ ಮೇಲೆ ಬಿದ್ದು ಹೊರಳಾಡಿ ನಕ್ಕೆ.

ಇದಕ್ಕಿಂತ ದೊಡ್ಡ ಪ್ರಹಸನ ಇನ್ನೊಂದು ಬೆಳೆಯಿತು. ಆ ಹೂ ಬೆಳಕಾಗುವಾಗ ಬಿರಿದು ಹತ್ತು-ಹನ್ನೊಂದರ ಹೊತ್ತಿಗೆ ಮುದುಡಿ ನೀರಾಗುತ್ತದೆ. ಹೂ ಇರುವವರೆಗೆ ಮಾವ ಅದರ ಪಕ್ಕ ಕುರ್ಚಿ ಹಾಕಿ ಕೂತು ಪ್ರಸನ್ನವದನರಾಗಿರುತ್ತಿದ್ದರು. ಅದು ಮುದುಡಿತೋ, ಬಿಸಿಲು ಏರಿತೋ, ಹೊಟ್ಟೆ ಹಸಿಯಿತೋ, ಮುಖ ಗಂಟಿಕ್ಕುತ್ತಿತ್ತು. ಇದನ್ನು ಒಕ್ಕಲಿನವರು ಬೇಗ ಕಂಡುಹಿಡಿದರು. ಮರ ಕಡಿಯಲು ಅಪ್ಪಣೆ ಬೇಕಾದವನು, ನೀರಿನ ಪಾಳಿ ಬದಲಿಸಬೇಕಾದವನು, ಮಗಳ ಮದುವೆಗೆ ನಮ್ಮ ದೊಡ್ಡ ಹಂಡೆ ಬೇಕಾದವನು, ಎಲ್ಲರೂ ಬೇಲಿಯ ತಡಮೆಯ ಹತ್ತಿರ ನಿಂತು ಒಳಗಿನವರನ್ನು ಮೆಲ್ಲನೆ "ಪೂ ಉಂಡಾ?" ಎಂದು ತುಳುವಿನಲ್ಲಿ ಕೇಳುವುದು ರೂಢಿಯಾಯಿತು. ಹೂ ಉಂಟು ಎಂದರೆ ಒಳಗೆ, ಇಲ್ಲದಿದ್ದರೆ ನಾಳೆಗೆ. ಮಳೆಗಾಲದ ಆಟಿ ತಿಂಗಳ ಮೋಡದಲ್ಲಿ ಹೂ ಸಂಜೆಯವರೆಗೂ ಬಾಡದೆ ಉಳಿದು ಎಷ್ಟೋ ಜನರ ಕೆಲಸ ಆಯಿತು. ಅಮ್ಮನೂ, ಆ ಮನುಷ್ಯನ ಒಡಹುಟ್ಟಿದ ತಂಗಿ, ಒಂದು ಸೀರೆಯ ಮಾತೆತ್ತಬೇಕಾದರೂ ಮೊದಲು ಕುಂಡದ ಕಡೆ ನೋಡುತ್ತಿದ್ದಳು. ನನಗೆ ಇವರೆಲ್ಲರ ಮೇಲೂ ಹೇಸಿಗೆ. ಮನುಷ್ಯರು ಮನುಷ್ಯರ ಹತ್ತಿರ ಮಾತಾಡಲು ನಾನು ಗೊಬ್ಬರಗುಂಡಿಯಿಂದ ತಂದ ಹುಲ್ಲಿನ ಅಪ್ಪಣೆ!

ಹಾಗಾಗಿ ನನ್ನ ಸರದಿ ಬಂದಾಗ ನಾನು ಬೇಕಂತಲೇ ಮಧ್ಯಾಹ್ನ ಎರಡು ಗಂಟೆಗೆ ಕೇಳಿದೆ.

ಹದಿನೇಳು ವರ್ಷ. ಹೈಸ್ಕೂಲು ಪಾಸಾಗಿತ್ತು. ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಅರ್ಜಿ ಕರೆದಿದ್ದರು, ಹೆಡ್ಮಾಸ್ಟ್ರು ತಾವೇ ಫಾರ್ಮು ತಂದುಕೊಟ್ಟಿದ್ದರು. ಶಾಲೆಯ ದಾಖಲೆಯಲ್ಲಿ ಪೋಷಕರು ಎಂದು ಮಾವನ ಹೆಸರೇ ಇತ್ತು, ಅವರದ್ದೇ ಸಹಿ ಬೇಕು. ನನಗೆ ಟೀಚರ್ ಆಗಬೇಕಿತ್ತು. ಎಷ್ಟು ಬೇಕಿತ್ತೆಂದರೆ ಹಟ್ಟಿಯ ಗೋಡೆಗೆ ಇದ್ದಿಲಿನಿಂದ ಬರೆದು ಕರುಗಳಿಗೆ ಮಗ್ಗಿ ಹೇಳಿಕೊಟ್ಟವಳು ನಾನು. ಈ ವರ್ಷ ತಪ್ಪಿದರೆ ಮುಂದಿನ ವರ್ಷದೊಳಗೆ ಮದುವೆ ಎಂಬುದು ಮನೆಯ ಗೋಡೆಗಳಿಗೂ ಗೊತ್ತಿತ್ತು. ಆದರೂ ನೋಡಿ ನನ್ನ ಹಠ. ಹುಲ್ಲಿನ ಮುಂದೆ ತಲೆಬಾಗಲಾರೆ! ಊಟವಾಗಿ, ಸೆಕೆಗೆ ಬೀಸಣಿಗೆ ಬೀಸುತ್ತ ಆರಾಮಕುರ್ಚಿಯಲ್ಲಿ ಬೆವರುತ್ತಿದ್ದ ಮಾವನ ಮುಂದೆ ಹೋಗಿ ಫಾರ್ಮು ಹಿಡಿದೆ. ಅವರು ಕಣ್ಣು ತೆರೆಯದೆ "ನೋಡುವ" ಎಂದರು.

ನಮ್ಮ ಮನೆಯಲ್ಲಿ 'ನೋಡುವ' ಎಂದರೆ ಏನೆಂದು ನಿಮಗೆ ಗೊತ್ತಿಲ್ಲ. ಮಾಳಿಗೆಯ ಮುರಿದ ಏಣಿಯನ್ನು ಹತ್ತು ವರ್ಷದಿಂದ ನೋಡುತ್ತಲೇ ಇದ್ದರು.

ಮರುದಿನ ಮಾವ ಯಾರದೋ ಮನೆಯ ಪಾಲುಪಂಚಾಯ್ತಿಗೆಂದು ಬೆಳ್ತಂಗಡಿಗೆ ಹೋದರು. ಬರುವುದು ಮೂರನೆಯ ದಿನ, ಮಧ್ಯಾಹ್ನದ ಬಸ್ಸಿಗೆ, ಮನೆ ಮುಟ್ಟುವಾಗ ಮೂರು ಗಂಟೆ. ಅರ್ಜಿ ಕೊಡಲು ಕೊನೆಯ ದಿನ ನಾಲ್ಕನೆಯದು. ಹೆಡ್ಮಾಸ್ಟ್ರು ಮೂರನೆಯ ದಿನವೇ ನಾಲ್ಕೂವರೆಯ ಬಸ್ಸಿಗೆ ಮಂಗಳೂರಿಗೆ ಹೋಗುವವರು, ಫಾರ್ಮನ್ನು ತಾವೇ ಮುಟ್ಟಿಸುತ್ತೇನೆ ಎಂದಿದ್ದರು. ಅಂದರೆ ನನಗೆ ಸಿಗುವುದು ಮೂರರಿಂದ ನಾಲ್ಕೂವರೆ, ಅದೂ ಪಂಚಾಯ್ತಿಯಲ್ಲಿ ಮೂರು ದಿನ ತಲೆ ಕೆಡಿಸಿಕೊಂಡು, ಮೇ ತಿಂಗಳ ಬಿಸಿಲಿನಲ್ಲಿ ಎರಡು ಬಸ್ಸು ಹತ್ತಿ ಇಳಿದು ಬಂದ ಮಾವ. ಹೂ ಹತ್ತಕ್ಕೇ ನೀರಾಗಿರುತ್ತದೆ. ಅಮ್ಮ ಮಾತ್ರ "ಹೂ ಇರುವಾಗ ಕೇಳಿದ್ದರೆ ನಿನ್ನ ಗಂಟು ಏನು ಹೋಗ್ತಿತ್ತು?" ಎಂದಳು. ಎರಡು ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತೆ.

ಮೂರನೆಯ ದಿನ ಬೆಳಕು ಹರಿಯುವ ಮೊದಲು ಎದ್ದು ಕುಂಡವನ್ನು ಎತ್ತಿಕೊಂಡು ಬಾವಿಕಟ್ಟೆಗೆ ಹೋದೆ. ಮೋಡವಿದ್ದರೆ ಹೂ ಉಳಿಯುತ್ತದೆ, ಬಿಸಿಲೇ ಅದರ ಶತ್ರು ಎಂದು ಮೂರು ವರ್ಷ ನೀರು ಹಾಕಿದವಳಿಗೆ ಗೊತ್ತಿತ್ತು. ಮೇ ತಿಂಗಳಲ್ಲಿ ತೋಡಾರಿನಲ್ಲಿ ತಣ್ಣಗಿನ ಜಾಗ ಒಂದೇ, ನಮ್ಮ ಬಾವಿ. ಕುಂಡವನ್ನು ಬೆತ್ತದ ಬುಟ್ಟಿಯಲ್ಲಿಟ್ಟು, ನಾಲ್ಕು ಕಡೆ ಹಗ್ಗ ಬಿಗಿದು, ರಾಟೆಯಿಂದ ಮೆಲ್ಲಗೆ ಇಳಿಸಿ, ನೀರಿನಿಂದ ಎರಡು ಮೊಳ ಮೇಲೆ ನಿಲ್ಲಿಸಿ ಕಂಬಕ್ಕೆ ಕಟ್ಟಿದೆ. ಬಾವಿಯ ಬಾಯಿಗೆ ಅರ್ಧಕ್ಕೆ ತೆಂಗಿನ ಮಡಲು ಹೊದಿಸಿದೆ.

ಹುಲ್ಲಿನ ಹೊರೆ ಹೊತ್ತು ಬಂದ ದೇಯಿ ಬಾವಿಗೆ ಇಣುಕಿದಳು. ತಲೆಯ ಹೊರೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು, "ಅಕ್ಕಾ, ಇದನ್ನೇ ಅಲ್ವಾ ನಾನು ದನಕ್ಕೆ ಹಾಕುದು?" ಎಂದಳು.

ಬಾಯಿ ಮುಚ್ಚು ಎಂದೆ. ಆ ದಿನ ಮನೆಗೆ ನೀರು ತೋಡಿನಿಂದ ಬಂತು. ಅಮ್ಮ ಬೈದಳು, ಮತ್ತೆ ತಾನೇ ಮಡಲು ಸರಿಮಾಡಿ ಹೋದಳು. ನಾನು ಗಂಟೆಗೊಮ್ಮೆ ಇಣುಕುತ್ತಿದ್ದೆ. ಆ ಕತ್ತಲಿನ ತಳದಲ್ಲಿ ಒಂದೇ ಒಂದು ಹೂ ಒಂಬತ್ತರ ಮೇಲೆ ಸೋಮಾರಿಯಂತೆ ಬಿರಿಯಿತು. ಹತ್ತಾಯಿತು, ಉಂಟು. ಹನ್ನೆರಡಾಯಿತು, ಉಂಟು. ಒಂದು ಗಂಟೆಗೆ ಕಾಗೆ ಬಂದು ಹಗ್ಗದ ಮೇಲೆ ಕೂತಾಗ ನಾನು ಓಡಿಸಿದ ರಭಸ ನೋಡಿದರೆ ಯಾರಾದರೂ ಬಾವಿಗೆ ಮಗು ಬಿದ್ದಿದೆ ಎಂದುಕೊಳ್ಳಬೇಕು. ಊರಿನವರು ಪೂ ಉಂಡಾ ಎಂದು ಕೇಳಿದಾಗ ಮೂಗು ಮುರಿದವಳು, ಈಗ ಬಾವಿಯೊಳಗೆ ತಲೆ ತೂರಿಸಿ ಹುಲ್ಲಿನ ಹತ್ತಿರ ಅಂಗಲಾಚುತ್ತಿದ್ದೆ. ಇನ್ನು ಸ್ವಲ್ಪ ಹೊತ್ತು, ನನ್ನ ಅಪ್ಪಾ, ಇನ್ನು ಸ್ವಲ್ಪ ಹೊತ್ತು.

ರಸ್ತೆಯಲ್ಲಿ ಬಸ್ಸು ನಿಂತ ಸದ್ದು ಕೇಳಿದ ಮೇಲೆ ಕುಂಡವನ್ನು ಎಳೆದು, ಒರಸಿ, ಜಗಲಿಯ ಮೂಲೆಯಲ್ಲಿಟ್ಟೆ. ಹೂ ಇತ್ತು. ಮಾವ ಬಂದರು, ಮುಖ ಕೆಂಡ. ಕೊಡೆ ಮೂಲೆಗೆ ಬಿತ್ತು. ಬೆಲ್ಲ ನೀರನ್ನು ಕುಡಿದು ಲೋಟವನ್ನು ಕುಕ್ಕಿದರು. ಆಮೇಲೆ ಕಣ್ಣು ಕುಂಡದ ಮೇಲೆ ಹೋಯಿತು. ಗೋಡೆಯ ಗಡಿಯಾರ ನೋಡಿದರು, ಮೂರೂ ಹತ್ತು. ಮತ್ತೆ ಹೂ ನೋಡಿದರು. ಹೊರಗೆ ಅಂಗಳದಲ್ಲಿ ಉರಿಬಿಸಿಲು. ನಾನು ಫಾರ್ಮು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಮಾವ ಮೊದಲ ಹೂ ಬಿರಿದ ದಿನದ ಹಾಗೆಯೇ ಕುಕ್ಕರುಗಾಲಿನಲ್ಲಿ ಕೂತರು. ಕುಂಡದ ಬುಡಕ್ಕೆ ಅಂಟಿದ್ದ ಹಸಿರು ಪಾಚಿಯನ್ನು ಬೆರಳಿನಿಂದ ತೆಗೆದು ನೋಡಿದರು.

"ವಾರಿಜಾ, ದೊರೆಸಾನಿ ಕೊಟ್ಟದ್ದರ ಹೂ ನೇರಳೆ ಬಣ್ಣ. ನಿನ್ನದು ನೀಲಿ," ಎಂದರು. ಅವರು ತಿರುಗಿ ನೋಡಲಿಲ್ಲ. "ಪೆನ್ನು ತಾ. ಮತ್ತೆ, ಇದನ್ನು ಇನ್ನೊಮ್ಮೆ ಬಾವಿಗೆ ಇಳಿಸಬೇಡ. ಅದು ಕುಡಿಯುವ ನೀರು."

ಸಹಿ ಹಾಕಿದರು. ಉದ್ದ ಸಹಿ, ಕೆಳಗೆ ಎರಡು ಗೆರೆ. ನಾನು ಬರಿಗಾಲಿನಲ್ಲಿ ರಸ್ತೆಗೆ ಓಡಿ ಹೆಡ್ಮಾಸ್ಟ್ರ ಕೈಗೆ ಫಾರ್ಮು ಕೊಟ್ಟೆ. ಮನೆಗೆ ಬರುವಾಗ ಹೂ ಮುದುಡಿತ್ತು, ಮಾವ ನಿದ್ದೆ ಹೋಗಿದ್ದರು. ಮೂರು ವರ್ಷ ನಾನು ಅವರನ್ನು ನೋಡಿ ನಕ್ಕಿದ್ದೆ. ಮೂರು ವರ್ಷ ಅವರು ನನ್ನ ಸುಳ್ಳಿಗೆ ಕುರ್ಚಿ ಹಾಕಿ ಕೂತಿದ್ದರು, ಊರಿಗೆಲ್ಲ ಅದನ್ನೇ ತೋರಿಸಿ ನನ್ನ ಮಾನ ಉಳಿಸಿದ್ದರು, ಗೆಣ್ಣು ಕೇಳಿದವರಿಗೆ ಕೊಡದೆ ಗುಟ್ಟು ಕಾದಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಹೂ ಇರುವಾಗಲೂ ಕೇಳಲಿಲ್ಲ. ನಾಚಿಕೆಯಾಗುತ್ತಿತ್ತು, ಈಗಲೂ ಆಗುತ್ತದೆ. ಅರವತ್ತರ ದಶಕದ ಮಧ್ಯದಲ್ಲಿ ಮಾವ ತೀರಿಕೊಂಡಾಗ ನಾನು ಬೆಳ್ತಂಗಡಿ ಕಡೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಕುಂಡ ಏನಾಯಿತೋ, ದನ ತಿಂದಿರಬೇಕು.

ಇದನ್ನೆಲ್ಲ ಸ್ಮಿತಾಳಿಗೆ ಹೇಳಲಿಲ್ಲ. ಇದು ದನದ ಹುಲ್ಲು ಮಗಾ, ಅಂಗಡಿಯವನು ನಿನ್ನ ತಲೆಗೆ ಟೊಪ್ಪಿ ಹಾಕಿದ್ದಾನೆ, ನೋಡಿಕೊಳ್ಳಲಿಕ್ಕೆ ಏನೂ ಇಲ್ಲ ಎಂದು ಗೇಲಿ ಮಾಡಿ ಕಳಿಸಿದೆ. ಕೊನೆಗೆ ಮನಸ್ಸು ತಡೆಯದೆ, ಬೆಳಿಗ್ಗೆ ಮಾತ್ರ ನೀರು ಹಾಕು, ಬುಡಕ್ಕೆ, ಒಂದೇ ಸಲ ಸುರಿಯಬೇಡ ಎಂದೆ.

ಇವತ್ತು ಬೆಳಿಗ್ಗೆ ಅವಳು ಬೇಲಿಯಾಚೆಯಿಂದ ಕೂಗಿದಳು, "ಟೀಚರ್, ಹೂ ಬಂತು!" ಮೊಣಕಾಲು ನೋವಿದ್ದರೂ ಹೋದೆ, ಗೇಲಿಯ ಇನ್ನೆರಡು ಮಾತು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ ಹೋದೆ.

ನೇರಳೆ. ಮೂರು ದಳ, ಮೂರೂ ಸಮ. ನಡುವೆ ಹಳದಿ ಚುಕ್ಕಿ.

ಎಪ್ಪತ್ತು ದಾಟಿದ ಮೇಲೆ, ನಾನು ಕೊಂದ ಹೂವನ್ನು ನಾನು ಮೊದಲ ಸಲ ನೋಡಿದೆ. ಇಷ್ಟು ಚಂದದ್ದನ್ನು ಮಾವ ಎದೆಗೆ ಅಪ್ಪಿಕೊಂಡು ಘಾಟಿ ಇಳಿದಿದ್ದರು. ಇದರ ಜಾಗದಲ್ಲಿ ನನ್ನ ಹುಲ್ಲನ್ನು ನೋಡಿ ಬರೀ ಹ್ಞೂಂ ಎಂದಿದ್ದರು. ಸ್ಮಿತಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಏನು ಬೈಗುಳ ಬರುತ್ತದೋ ಎಂದು. ಅವಳ ಮನೆಯ ಗಡಿಯಾರ ನೋಡಿದೆ, ಒಂಬತ್ತೂವರೆ. ಹೂವನ್ನು ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡೆ. ಬಿರಿದೇ ಇತ್ತು.

"ನನಗೊಂದು ಗೆಣ್ಣು ಕೊಡ್ತೀಯಾ ಮಗಾ?" ಎಂದು ಕೇಳಿದೆ.